ಇಳಿದ ಭುಜದ ಸ್ವೆಟರ್

“ಕತ್ತರಿ ಕೆಳಗಿಡ್ರಿ!”

ಮಯೂರಿ ಕೂಗುವಷ್ಟರಲ್ಲಿ ಕಚಕ್ಕೆಂದು ಸದ್ದಾಗಿಬಿಟ್ಟಿತ್ತು.

ನಿಪ್ಪಾಣಿಯ ಫ್ಯಾಷನ್ ಡಿಸೈನಿಂಗ್ ಸಂಜೆ ಕ್ಲಾಸು ಒಮ್ಮೆಲೇ ಸ್ತಬ್ಧವಾಯಿತು. ಗೊಂಬೆಗೆ ತೊಡಿಸಿದ್ದ ಬೂದು ಸ್ವೆಟರಿನ ಮುಂದೆ, ಎಡ ಹೆಗಲಿಗೆ ಭಾರದ ಕ್ಯಾಮೆರಾ ಚೀಲ ತೂಗುಹಾಕಿಕೊಂಡು ಒಬ್ಬ ತರುಣ ನಿಂತಿದ್ದ. ಒಂದು ಕೈಯಲ್ಲಿ ಪುಟ್ಟ ಕತ್ತರಿ. ಇನ್ನೊಂದರಲ್ಲಿ ಗೇಣುದ್ದದ ಉಣ್ಣೆಯ ಎಳೆ.

“ದಾರ ಜೋತಾಡಾಕತ್ತಿತ್ರಿ... ಫೋಟೋದಾಗ ಚಂದ ಕಾಣಂಗಿಲ್ಲಂತ...”

“ಇದೇನ ಮದುವಿ ಸೀರಿ ಅಂತ ತಿಳದೀರೇನ್ರಿ? ಹೆಣದದ್ದು ಇದು! ಆ ತುದಿ ಇನ್ನೂ ಒಳಗ ಸಿಗಸೂದಿತ್ತು!”

ಅವನು ಗಾಬರಿಯಿಂದ ಕೊರಳಪಟ್ಟಿಯನ್ನು ಎಳೆದು ಹಿಡಿದ. ಇನ್ನೂ ಕೆಟ್ಟಿತು. ಒಂದು ಕುಣಿಕೆ ಬಿಚ್ಚಿತು, ಅದರ ಹಿಂದೆ ಮತ್ತೊಂದು... ನೋಡನೋಡುತ್ತಿದ್ದಂತೆ ಎದೆಯವರೆಗೆ ಏಣಿಯಂಥ ಸೀಳು ಸರಸರನೆ ಇಳಿಯಿತು.

ಮಯೂರಿಯ ಕಣ್ಣು ತುಂಬಿ ಬಂತು. ಜುಗೂಳದ ಅಜ್ಜಿ ಕೆಂಪವ್ವ ತನ್ನ ಕುರಿಗಳ ಉಣ್ಣೆಯನ್ನು ತಾನೇ ನೂತು ಕೊಟ್ಟಿದ್ದಳು. ಪರೀಕ್ಷೆಯ ಫೋಟೋ ಶೂಟ್‌ಗೆ ಅದೇ ಮುಖ್ಯ ಉಡುಪು!

ಅವನ ಹೆಸರು ವಿಕ್ರಾಂತ. ಕೊಗನೊಳ್ಳಿಯವನು. ಹೆದ್ದಾರಿಯ ಆಚೆಗೂ ಈಚೆಗೂ ಮದುವೆಗಳ ಫೋಟೋ ತೆಗೆಯುವವನು, ಈ ಶೂಟ್‌ಗೆಂದು ಕರೆಸಿದವನು. ಮದುಮಗಳ ಸೆರಗಿನಲ್ಲಿ ಎಳೆ ಕಂಡರೆ ಚಕ್ಕನೆ ಕತ್ತರಿಸಿ, ಆಮೇಲೆಯೇ ಕ್ಲಿಕ್ ಮಾಡುವುದು ಅವನ ರೂಢಿ.

“ಇವ್ರು ಬ್ಯಾಡ್ರಿ ಮೇಡಮ್!” ಎಂದಳು ಮಯೂರಿ.

“ಬ್ಯಾರೆ ಯಾರ ಸಿಗ್ತಾರವಾ ಈ ಲಗ್ನದ ಸೀಜನ್‌ದಾಗ?” ಟೀಚರ್ ಅನುಸೂಯಾ ಮೇಡಮ್ ಕೈಚೆಲ್ಲಿದರು. “ಇನ್ನೊಂದ ಹೆಣಿ. ಮುಖ್ಯ ಉಡುಪ ಇಲ್ಲದ ಫೋಟೋ ಕಳಿಸಿದ್ರ ವರ್ಷ ಹೋದಂಗ.”

ವರ್ಷ ಹೋದಂಗ... ಮನೆಯವರು ಸಂಜೆ ಕ್ಲಾಸಿಗೆ ಒಪ್ಪಿದ್ದೇ ಒಂದು ವರ್ಷಕ್ಕೆ. ‘ನನಗ ಯಾಕ ಬೇಕಿತ್ತು ಇದೆಲ್ಲ? ನನ್ನಿಂದ ಆಗ್ತೈತೇನ?’ ಆ ದಿನ ಬಸ್ಸಿನಲ್ಲಿ ತನ್ನೂರು ಬೋರಗಾಂವ ಮುಟ್ಟುವವರೆಗೂ ಇದೇ ಚಿಂತೆ.

ಮರುದಿನ ಕ್ಲಾಸಿಗೆ ಬಂದರೆ, ಬಾಗಿಲಲ್ಲಿ ಅವನೇ!

“ಸಿಟ್ಟ ಇರ್ಲಿ. ಕೆಲಸ ಹೇಳ್ರಿ.”

“ಕೈ ಮುಂದ ಚಾಚ್ರಿ,” ಎಂದಳು ಬಿಗಿದ ಮುಖದಲ್ಲೇ.

ಬಿಚ್ಚಿ ತೊಳೆದ ಉಣ್ಣೆಯ ಲಡಿಯನ್ನು ಅವನ ಎರಡೂ ಕೈಗಳಿಗೆ ಹಾಕಿ, ತಾನು ಎದುರು ಕೂತು ಉಂಡೆ ಸುತ್ತತೊಡಗಿದಳು. ಕೈಕಟ್ಟಿ ಹಾಕಿದ ಕಳ್ಳನಂತೆ ಕೂತಿದ್ದವನನ್ನು ನೋಡಿ, ಆ ಸ್ವೆಟರಿಗೆ ಮಾಡೆಲ್ ಆಗಲಿದ್ದ ಸಹಪಾಠಿ ಹುಡುಗ ಸುಜಯ ಬಿಡಲಿಲ್ಲ.

“ಏ ದಾದಾ, ಮೂಗ ತುರಿಸಿದ್ರ ಹೇಳ್ರಿ. ನಾ ಕೆರೀತೀನಿ!”

ಮಯೂರಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಹೀಗೇ. ಅವನು ಲಡಿ ಹಿಡಿಯುವುದು, ಅವಳು ಸುತ್ತಿ ಹೆಣೆಯುವುದು. ಜೊತೆಗೇ ಶೂಟ್‌ನ ಯೋಜನೆಯೂ ಬೆಳೆಯಿತು.

“ಜುಗೂಳದ ಹೊಳಿ ದಂಡಿ. ಬೆಳಿಗ್ಗೆ ಮಂಜ ಇರ್ತೈತಿ,” ಎಂದಳು ಅವಳು.

“ಎಳೇ ಬಿಸಲ ಅಡ್ಡ ಬಿದ್ರ ಒಂದೊಂದ ಕುಣಿಕಿ ಎದ್ದ ಕಾಣತೈತಿ. ಬಿಸಲ ಏರಿದ್ರ ಎಲ್ಲಾ ಸಪಾಟ್. ಆದ್ರ ಬೂದ ನೀರಿಗೆ ಬೂದ ಸ್ವೆಟರ್?”

“ಅದಕ್ಕ ಕೆಳಗ ಬಿಳೀ ಧೋತರ ರೀ. ಹಿಂದ ಕೆಂಪ ದೋಣಿ.”

ಅವನು ಅವಳನ್ನೇ ನೋಡಿದ. “ನಿಮ್ಮ ಕಣ್ಣ ಭಾರಿ ಐತ್ರಿ.”

ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ! ತಲೆ ತಗ್ಗಿಸಿದಳು. ಆದರೆ ಆ ಕಣ್ಣು ಬೇರೊಂದನ್ನೂ ಕಂಡಿತ್ತು. ವರ್ಷಗಟ್ಟಲೆ ಚೀಲ ಹೊತ್ತು ಅವನ ಎಡ ಭುಜ ಬಲಕ್ಕಿಂತ ಒಂದು ಬೆರಳು ಇಳಿದಿತ್ತು.

ಹೊಸ ಸ್ವೆಟರ್ ಭುಜದವರೆಗೆ ಬಂದಾಗ ಅವಳ ಕೈ ತಾನಾಗಿಯೇ ಎಡ ಭುಜವನ್ನು ಇಳಿಸಿತು. ಬಿಚ್ಚಿದಳು. ಮತ್ತೆ ಹೆಣೆದಳು. ಮತ್ತೆ ಹಾಗೆಯೇ... ಕೊನೆಗೆ ಬಿಚ್ಚಲು ಮನಸ್ಸೇ ಬರಲಿಲ್ಲ. ‘ಒಂದ ಬೆರಳ ತಗ್ಗು... ಯಾರಿಗೆ ಕಾಣ್ತೈತಿ?’

“ಯಾರ ಅಳತಿಗ್ರಿ ಇದು?” ಒಂದು ಸಂಜೆ ವಿಕ್ರಾಂತ ಮೆಲ್ಲಗೆ ಕೇಳಿದ.

ಮಯೂರಿ ಬೆಚ್ಚಿದಳು. ಸೂಜಿ ಜಾರಿತು.

“ಸು... ಸುಜಯಂದ್ರಿ. ಮತ್ತ ಯಾರದಿರ್ತೈತಿ?”

ಅವನು ಲಡಿಯನ್ನು ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟು ಎದ್ದ. “ಆತ್ರಿ ಮೇಡಮ್. ಶೂಟ್ ದಿನ ಬರ್ತೀನಿ.”

ಮೇಡಮ್! ಆ ಒಂದು ಶಬ್ದ ಅವಳನ್ನು ಎಷ್ಟೋ ದಿನ ಚುಚ್ಚಿತು.

*

ಕೃಷ್ಣೆಯ ಮೇಲೆ ಮಂಜು ಹೊಗೆಯಾಡುತ್ತಿತ್ತು. ಶಾಲು, ಟೊಪ್ಪಿಗೆ ತೊಟ್ಟ ಹುಡುಗಿಯರ ಫೋಟೋಗಳು ಮುಗಿದವು. ವಿಕ್ರಾಂತ ಎಲ್ಲರೊಡನೆ ಮಾತಾಡಿದ. ಮಯೂರಿಯೊಡನೆ ಮಾತ್ರ ಇಲ್ಲ. ಕೆಂಪವ್ವ ಕೌದಿ ಹೊದ್ದು ದಂಡೆಯಲ್ಲಿ ಕೂತಿದ್ದಳು.

ಕೊನೆಗೆ ಬೂದು ಸ್ವೆಟರ್ ತೊಟ್ಟು ಸುಜಯ ಕೆಂಪು ದೋಣಿಯ ಮುಂದೆ ನಿಂತ.

ವಿಕ್ರಾಂತ ಕ್ಯಾಮೆರಾ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

“ಎಡ ಭುಜ ಇಳದೈತ್ರಿ,” ಎಂದ ಒಣ ದನಿಯಲ್ಲಿ. “ಫೋಟೋದಾಗ ಎದ್ದ ಕಾಣತೈತಿ.”

ಯಾರಿಗೂ ಕಾಣದು ಅಂದುಕೊಂಡದ್ದು ಅವನ ಕಣ್ಣಿಗೇ ಬೀಳಬೇಕೇ! ಮಯೂರಿ ಓಡಿ ಹೋಗಿ ಸುಜಯನ ಬೆನ್ನಿಗೆ ಕ್ಲಿಪ್ ಹಾಕಿ ಎಳೆದಳು. ಭುಜ ಏರಲಿಲ್ಲ, ಕೊರಳು ಸೊಟ್ಟಗಾಯಿತು.

“ಏ ಮಯೂರಿ, ನಾ ಏನ ಸೊಟ್ಟ ಅದೀನೇನ?” ಸುಜಯ ಗೊಣಗಿದ.

“ತಪ್ಪ ಹೆಣದಿ!” ಅನುಸೂಯಾ ಮೇಡಮ್‌ರ ಮುಖ ಕೆಂಪಾಯಿತು. “ಇವತ್ತ ಸಂಜಿಕೆ ಫೋಟೋ ಕಳಸೂದೈತಿ. ಈ ಸ್ವೆಟರ್ ಕೈ ಬಿಡೂದ ಬರೋಬ್ಬರಿ. ವಿಕ್ರಾಂತ, ಸಾಮಾನ ತುಂಬ್ರಿ.”

ಮಂಜು ಕರಗುತ್ತಿತ್ತು. ಬಿಸಿಲು ದೋಣಿಯ ಅಂಚಿಗೆ ಬಂದಿತ್ತು.

‘ತಪ್ಪಾತು ಅಂದ್ರ ವರ್ಷ ಹೋಗ್ತೈತಿ. ಖರೇ ಹೇಳಿದ್ರ... ಎಲ್ಲಾರ ಮುಂದ ಅಂವ ಬ್ಯಾಡ ಅಂದ್ರ?’ ಅವಳು ಕ್ಲಿಪ್ ತೆಗೆದು ತಿರುಗಿದಳು.

“ತಪ್ಪಲ್ರಿ ಮೇಡಮ್.”

“ಏನಂದಿ?”

“ತಪ್ಪ ಹೆಣದಿಲ್ಲ. ಅದು... ಸುಜಯನ ಅಳತಿ ಅಲ್ಲ.”

“ಮತ್ತ ಯಾರದು?”

ಮಯೂರಿ ನೇರ ನಡೆದು ಹೋಗಿ, ವಿಕ್ರಾಂತನ ಎಡ ಹೆಗಲಿನಿಂದ ಆ ಭಾರದ ಚೀಲವನ್ನು ಇಳಿಸಿ ನೆಲಕ್ಕಿಟ್ಟಳು.

ಚೀಲ ಇಳಿದರೂ ಭುಜ ಏರಲಿಲ್ಲ.

ಎಲ್ಲರಿಗೂ ಕಂಡಿತು. ವಿಕ್ರಾಂತನಿಗೂ...

“ಅಗ ಬಾಬೌ!” ಸುಜಯ ಸರಕ್ಕನೆ ಸ್ವೆಟರ್ ಕಳಚಿ ಅವನ ಕೈಗೆ ತುರುಕಿದ. “ತಗೋರಿ ದಾದಾ, ನಿಮ್ಮ ಮಾಲು! ಧೋತರನೂ ಕೊಡ್ತೀನಿ, ಒಳಗ ಚಡ್ಡಿ ಹಾಕ್ಕೊಂಡೀನಿ!”

ವಿಕ್ರಾಂತ ಎರಡನ್ನೂ ತೊಟ್ಟ. ಎರಡೂ ಭುಜಗಳ ಮೇಲೆ ಸ್ವೆಟರ್ ಎರಕ ಹೊಯ್ದಂತೆ ಕೂತಿತು. ಕೊರಳು ನೆಟ್ಟಗೆ ನಿಂತಿತು. ಎಡ ಭುಜದಲ್ಲೊಂದು ದಾರದ ತುದಿ ಮಾತ್ರ ಜೋತಾಡುತ್ತಿತ್ತು. ಮಯೂರಿ ಸೂಜಿ ಹಿಡಿದು ಹತ್ತಿರ ಬಂದಳು.

“ತಡಿಯವಾ!” ಕೆಂಪವ್ವ ದಂಡೆಯಿಂದಲೇ ಕೂಗಿದಳು. “ಮೈಮ್ಯಾಗಿನ ಅರಬಿಗೆ ಹಂಗ ಸೂಜಿ ಹಾಕಬಾರ್ದು, ಅಪಶಕುನ. ತಮ್ಮಾ, ಬಾಯಾಗ ಹುಲ್ಲಕಡ್ಡಿ ಕಚ್ಚು. ಕಡ್ಡಿ ತಗಿಯೂತನ ಮಾತಾಡಬ್ಯಾಡ!”

ಅವನು ಕಡ್ಡಿ ಕಚ್ಚಿದ. ಮಾತು ನಿಂತಿತು. ಕಣ್ಣು ಮಾತ್ರ ಅವಳ ಮೇಲೆಯೇ.

ಅವಳಿಗೆ ಅಷ್ಟೇ ಧೈರ್ಯ ಸಾಕಿತ್ತು.

“ಅವತ್ತ ನಾ ಸುಳ್ಳ ಹೇಳಿದೆ ರೀ,” ದಾರ ಸಿಗಿಸುತ್ತಾ ಪಿಸುಗುಟ್ಟಿದಳು. “ಅಂಜಿಕಿ ಬಂತು. ಎದುರಿಗೆ ನೀವ ಕುಂತಿರ್ತಿದ್ರಿ. ಬ್ಯಾರೆ ಯಾರ ಭುಜ ಕಣ್ಣಿಗೆ ಬರಲೇ ಇಲ್ಲ. ನಿಮಗ ಬ್ಯಾಡ ಅಂದ್ರ... ನಾ ಏನೂ ಅನ್ನಂಗಿಲ್ರಿ. ಹೇಳೂದ ಇತ್ತು. ಹೇಳಿದೆ.”

ದಾರ ಮುಗಿಯಿತು. ಅವನು ಕಡ್ಡಿಗೆ ಕೈ ಹಾಕಿದ.

“ಕಡ್ಡಿ ತಗೀಬ್ಯಾಡ್ರಿ!” ಮೇಡಮ್ ಕಿರುಚಿದರು. “ಹೊಳಿ ದಂಡಿ, ಉಣ್ಣಿ, ಬಾಯಾಗ ಹುಲ್ಲು... ಭಾರಿ ಕಾಣತೈತಿ! ಮಯೂರಿ, ಕ್ಯಾಮೆರಾ ಹಿಡಿ. ಬಿಸಲ ಏರಾಕತ್ತೈತಿ!”

ಅಯ್ಯೋ! ಈಗಲೇ?

ಕ್ಯಾಮೆರಾದೊಳಗಿನಿಂದ ನೋಡಿದರೆ ಅವನ ಮುಖ ಗೇಣಿನಷ್ಟು ಹತ್ತಿರ. ಏನೂ ತಿಳಿಯಲೊಲ್ಲದು. ಹೌದೋ? ಅಲ್ಲವೋ? ಕ್ಲಿಕ್. ಅವನು ದೋಣಿಗೆ ಒರಗಿದ. ಕ್ಲಿಕ್. ಅಡ್ಡ ಬಿಸಿಲಿಗೆ ಒಂದೊಂದು ಕುಣಿಕೆಯೂ ಎದ್ದು ಕಂಡಿತು. ಕ್ಲಿಕ್. ಇನ್ನು ತಡೆಯಲಾರೆ ಎನ್ನುವಾಗ... ಬಿಸಿಲು ನೆತ್ತಿಯತ್ತ ಏರಿ ಶೂಟ್ ಮುಗಿಯಿತು.

ಮೇಡಮ್ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ನೋಡಿದರು. “ಇದ ಆಲ್ಬಮ್‌ದ ಮೊದಲ ಪುಟ,” ಎಂದರು. ಆಮೇಲೆ ಹುಡುಗಿಯರನ್ನೂ ಸುಜಯನನ್ನೂ ಕರೆದುಕೊಂಡು, ಕೆಂಪವ್ವ ಕಾಯಿಸಿದ ಚಹಾದ ಕಡೆಗೆ ನಡೆದರು.

ವಿಕ್ರಾಂತ ಕಡ್ಡಿ ತೆಗೆದ. ಚೀಲದಿಂದ ಆ ಪುಟ್ಟ ಕತ್ತರಿ ತೆಗೆದು ಅವಳ ಅಂಗೈಗಿಟ್ಟ.

“ಇದು ನಿನ್ನ ಹತ್ರ ಇರ್ಲಿ.”

‘ನಿನ್ನ’ ಅಂದ! ಮಯೂರಿ ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದಳು.

“ಚೀಲ ಬಲ ಹೆಗಲಿಗೆ ಹಾಕ್ಕೊ ಅಂತ ನಮ್ಮವ್ವ ದಿನಾ ಬೈತಾಳ. ಇನ್ನ ಹಾಕ್ಕೊಳ್ಳಂಗಿಲ್ಲ,” ಎಂದ.

“ಯಾಕ್ರಿ?”

“ಭುಜ ಸಮ ಆದ್ರ, ಈ ಸ್ವೆಟರ್ ಯಾರ ಹಾಕ್ಕೋಬೇಕು?”

ಕಣ್ಣೀರಿನಲ್ಲೇ ನಕ್ಕಳು ಮಯೂರಿ. “ಸಮ ಆದ್ರ ಬಿಚ್ಚಿ ಮತ್ತ ಹೆಣೀತೀನ್ರಿ. ಲಡಿ ಹಿಡಿಯಾಕ ನೀವ ಬಂದ್ರ ಸಾಕು.”

ವಿಕ್ರಾಂತ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ.