ವ್ಯಾಖ್ಯಾನಮಾಲೆಯ ಹಂದರಕ್ಕೆ ಬಿದ್ದ ಬೆಂಕಿ

ಇಸವಿ ೧೯೩೫, ಮೇ ತಿಂಗಳ ಹದಿಮೂರು, ಸೋಮವಾರ. ಸಂಜೆ ಐದರ ಹೊತ್ತಿಗೆ ಧಾರವಾಡದ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಗೃಹಸ್ಥರು ಬಂದರು. ಇಬ್ಬರ ಧೋತರವೂ ಮಸಿಯಾಗಿತ್ತು. ಮುಂದೆ ಬಂದವರು ಮಾಳಮಡ್ಡಿಯ ಬಿಂದುಮಾಧವರಾಯರು, ನಿವೃತ್ತ ಮಾಸ್ತರರು; ಪ್ರತಿ ವೈಶಾಖದಲ್ಲಿ ಏಳು ದಿನ ನಡೆಯುವ ‘ಧರ್ಮ ಮತ್ತು ಸಮಾಜ’ ವ್ಯಾಖ್ಯಾನಮಾಲೆಯನ್ನು ಹನ್ನೊಂದು ವರ್ಷದಿಂದ ನಡೆಸಿಕೊಂಡು ಬಂದ ಕಾರ್ಯದರ್ಶಿ. ಅವರ ಹಿಂದೆ ಇದ್ದವರು ಮಾಲೆಯ ಅಧ್ಯಕ್ಷರು, ಯಜ್ಞೇಶ್ವರ ವಕೀಲರು.

ಫೌಜದಾರ ಚನಮಲ್ಲಪ್ಪ ಆಗಷ್ಟೇ ದನದ ಕಳವಿನ ತನಿಖೆಯೊಂದಕ್ಕೆ ಹಳ್ಳಿ ತಿರುಗಿ ಬಂದು ಬೂಟು ಕಳಚಿದ್ದ. ಎದ್ದು ನಿಲ್ಲುವ ಮನಸ್ಸಾಗಲಿಲ್ಲ. ಕೂತಲ್ಲಿಂದಲೇ ಎದುರಿನ ಬೆಂಚು ತೋರಿಸಿದ.

“ಹಂದರ ಸುಟ್ಟುಹೋತ್ರಿ,” ಎಂದರು ಬಿಂದುಮಾಧವರಾಯರು.

“ಯಾವಾಗ?”

“ಮಧ್ಯಾಹ್ನ ಮೂರರ ಸುಮಾರಿಗೆ. ಊಟ ಮಾಡಿ ಎಲ್ಲಾರೂ ಮಲಗಿದ್ರು.”

“ಯಾರ ಮ್ಯಾಲರೆ ಸಂಶೆ ಐತೇನ್ರಿ?”

“ಯಾರ ಮ್ಯಾಲೂ ಇಲ್ಲ. ಗ್ಯಾಸಬತ್ತಿ ಸಾಮಾನು, ಎಣ್ಣಿ ಡಬ್ಬಿ ಅಲ್ಲೇ ಇದ್ವು. ಆಕಸ್ಮಿಕ ಅಂತ ಬರಕೋರಿ.”

ವಕೀಲರು ಮುಂದಕ್ಕೆ ಬಾಗಿದರು. “ಆಕಸ್ಮಿಕ ಹೆಂಗಾಗ್ತದ ಬಿಂದಣ್ಣ? ಉರಿ ಬಿಸಲಾಗ ಬತ್ತಿ ಹಚ್ಚಿದವರು ಯಾರು? ಫೌಜದಾರ್ರ, ಗ್ಯಾಸಬತ್ತಿ ಬಾಡಿಗಿ ಕೊಡೂ ಬಂದೇನವಾಜ ಮೊನ್ನೆ ನಾಕು ಮಂದಿ ಮುಂದ ನನಗ ಅಂದಾನ, ‘ನಾಳಿಂದ ನಿಮ್ಮ ಬೆಳಕ ನೀವ ನೋಡ್ಕೋರಿ’ ಅಂತ. ಅದನ್ನ ಬರಕೋರಿ.”

“ನೀವು ಅವಗ ಏನಂದಿದ್ರಿ?”

“ವ್ಯಾಖ್ಯಾನ ನಡದಾಗ ನಡುವ ಎದ್ದು ಪಂಪು ಹೊಡೀಲಿಕ್ಕತ್ತಿದ್ದ. ನಿಮ್ಮಂಥಾವರನ್ನ ಹಂದರದಾಗ ಬಿಟ್ಟಿದ್ದ ತಪ್ಪು ಅಂದೆ.”

“ಪಂಪು ಹೊಡೀದಿದ್ರ ಬತ್ತಿ ಆರ್ತೈತಲ್ರಿ.”

ವಕೀಲರು ಧೋತರದ ಮಸಿ ಕೊಡವಿಕೊಂಡರು. ಚನಮಲ್ಲಪ್ಪ ಬರೆಯುತ್ತ ಕೇಳಿದ, “ಅವತ್ತಿನ ವ್ಯಾಖ್ಯಾನ ಯಾತರ ಮ್ಯಾಲಿತ್ತು?”

“ಸರ್ವಧರ್ಮ ಸಮಭಾವ,” ಎಂದರು ಬಿಂದುಮಾಧವರಾಯರು, ನೆಲ ನೋಡುತ್ತ.

ಬೆಂಕಿ ಹಚ್ಚಿ ಹಾನಿ ಮಾಡಿದ ಅಪರಾಧವೆಂದು ಕಲಂ ೪೩೫ರಂತೆ ಫಿರ್ಯಾದು ದಾಖಲಾಯಿತು. ಶಾಯಿ ಆರುವ ಮೊದಲೇ ಸುದ್ದಿ ಡಿ.ಎಸ್.ಪಿ. ಸಾಹೇಬರ ಕಚೇರಿ ಮುಟ್ಟಿತ್ತು. ಅಲ್ಲಿಂದ ಬಂದ ಮಾತು ಇಷ್ಟೇ: ಬತ್ತಿಯವನನ್ನು ಹಿಡಿಯಿರಿ, ಮಂಗಳವಾರ ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿರಿ, ಪೇಟೆಯಲ್ಲಿ ಗಲಾಟೆ ಆಗಬಾರದು. ಅಪರಾಧ ಸಾಬೀತಾದರೆ ಏಳು ವರ್ಷದವರೆಗೆ ಸಜಾ.

ಹವಾಲ್ದಾರ ಬಡೇಸಾಬ ಬಂದೇನವಾಜನನ್ನು ದವಾಖಾನೆಯಿಂದಲೇ ಕರೆತಂದ. ಎರಡೂ ಕೈಗೆ ಮೊಣಕೈತನಕ ಪಟ್ಟಿ ಕಟ್ಟಿದ್ದರು.

ಬೆಳಕಿರುವಾಗಲೇ ಚನಮಲ್ಲಪ್ಪ ಮಾಳಮಡ್ಡಿಗೆ ಹೋದ. ಬಯಲಿನ ನಡುವೆ ಹಂದರದ ಬಿದಿರುಗಳು ಕರಿದಾಗಿ ಬಿದ್ದಿದ್ದವು. ಜೋಳದ ಬಣವೆ ಸುಟ್ಟ ಕಣದ ಹಾಗೆ ಕಾಣುತ್ತಿತ್ತು. ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಬರೆಸಿದ: ಸುಟ್ಟ ತಟ್ಟಿ, ಸುಟ್ಟ ಜಮಖಾನೆ, ಹೆಂಗಸರ ಕಡೆಯ ಪಡದೆಯ ಹಗ್ಗ, ಒಡೆದ ಗ್ಯಾಸಬತ್ತಿ ಎರಡು, ಖಾಲಿ ಎಣ್ಣೆ ಡಬ್ಬಿ. ಡಬ್ಬಿಯ ಬಿರಟೆ ಬಿಚ್ಚಿ ಬದಿಗಿಟ್ಟಿತ್ತು. ತಾನಾಗಿ ಹತ್ತಿದ ಬೆಂಕಿ ಅಲ್ಲ ಎಂಬಷ್ಟು ಖಾತ್ರಿಯಾಯಿತು.

ಬಯಲ ಅಂಚಿನ ಬೇವಿನ ಗಿಡದ ಬುಡದಲ್ಲಿ ಜನ ನೆರೆದಿದ್ದರು. ಶಾರದೆಯ ದೊಡ್ಡ ಪಟ ಗಿಡಕ್ಕೆ ಆನಿಸಿ ನಿಂತಿತ್ತು. ಗಾಜು ಸಹ ಸೀಳಿರಲಿಲ್ಲ. ಪಕ್ಕದಲ್ಲಿ ತಾಮ್ರದ ಕಲಶ.

“ಏಳು ದಿನಕ್ಕಂತ ಸ್ಥಾಪನಾ ಮಾಡಿದ ಪಟ ಸಾಹೇಬ್ರ,” ಎಂದ ಒಬ್ಬ ಪಂಚ. “ತಾಯಿ ತಾನ ಎದ್ದು ಹೊರಗ ಬಂದಾಳ.”

“ಹೊರಗ ತಂದವರು ಯಾರು?”

ಉರಿಯುವ ಹಂದರದಿಂದ ದೇವಿಯನ್ನು ಉಳಿಸಿದವನು ಊರಲ್ಲಿ ಎದೆಯುಬ್ಬಿಸಿ ತಿರುಗಬೇಕಿತ್ತು. ಇಲ್ಲಿ ಅಂಥವನೊಬ್ಬನೂ ಸಿಗಲಿಲ್ಲ. ಆ ಮಾತು ಚನಮಲ್ಲಪ್ಪನ ತಲೆಯಲ್ಲಿ ಉಳಿಯಿತು. ಪಟವನ್ನು ಮುಟ್ಟದೆ, ಕಾವಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ ಮರಳಿದ.

ಮಂಗಳವಾರ ಮುಂಜಾನೆ ಲಾಕಪ್ಪಿನ ಸರಳುಗಳ ಮುಂದೆ ಬಂದೇನವಾಜನ ಹೆಂಡತಿ ಮೈಮುನಾ ಕೂತಿದ್ದಳು. ಗಂಡನ ಕೈ ಮಡಚುತ್ತಿರಲಿಲ್ಲ. ರೊಟ್ಟಿ ಮುರಿದು ಸರಳಿನ ಸಂದಿಯಿಂದ ಅವನ ಬಾಯಿಗಿಡುತ್ತಿದ್ದಳು.

“ಬೆಂಕಿ ಹತ್ತಿದಾಗ ಎಲ್ಲಿದ್ದಿ?” ಎಂದು ಚನಮಲ್ಲಪ್ಪ ಕೇಳಿದ.

“ಹಂದರದ ಹಿಂದ ಗಾಡಿ ಕೆಳಗ ಮಲಗಿದ್ನಿರಿ. ಬಿಸಿ ತಾಗಿ ಎಚ್ಚರಾತು.”

“ಒಳಗ ಯಾಕ ಹೋದಿ?”

“ನಾಕು ಬತ್ತಿ ಒಳಗಿದ್ವಲ್ರಿ. ಎರಡ ಸಿಕ್ಕು.”

“ಸಿಟ್ಟಿನಾಗ ಹಚ್ಚಿದಿ ಅಂತಾರ.”

“ಸಿಟ್ಟಿನಾಗ ನನ್ನ ಬತ್ತಿ ನಾನ ಸುಡ್ಲೇನ್ರಿ? ಸುಡೂದಿದ್ರ ವಕೀಲರ ಕ್ವಾಟು ಸುಡ್ತಿದ್ದೆ.”

ಮೈಮುನಾ ಅವನ ಬಾಯಿಗೆ ರೊಟ್ಟಿ ತುರುಕಿದಳು. “ಇವರಿಗೆ ಈ ಬಾಯಿಯಿಂದಾನ ಈ ಗತಿ ಬಂದೈತ್ರಿ ಸಾಹೇಬ್ರ. ಬತ್ತಿ ಹೋದ್ವು, ಕೈ ಹೋದ್ವು. ಇನ್ನ ಮನಿಶಾನೂ ಹೋದ್ರ ನಾ ಯಾರಿಗೆ ರೊಟ್ಟಿ ತಿನಸ್ಲಿ?”

ಚನಮಲ್ಲಪ್ಪ ಬಂದೇನವಾಜನನ್ನೇ ಕೇಳಿದ. “ನೀ ಒಳಗ ಹೋದಾಗ ಶಾರದಾ ಪಟ ಎಲ್ಲಿತ್ತು?”

ಬಂದೇನವಾಜ ಅಗಿಯುವುದನ್ನು ನಿಲ್ಲಿಸಿದ. “ಕಟ್ಟಿ ಮ್ಯಾಲೆ ಇರಲಿಲ್ರಿ. ಬತ್ತಿ ಅದರ ಬಾಜೂಕ ಇಟ್ಟಿದ್ದೆ. ಬತ್ತಿ ಇದ್ವು, ಪಟ ಇರಲಿಲ್ಲ.”

ಹೊರಗೆ ಬಂದ ಮೇಲೆ ಬಡೇಸಾಬ ಮೆಲ್ಲಗೆ ಅಂದ, “ಇವನ ಕಡೆ ಮಾತಾಡಿದ್ರ ನಮ್ಮಾಂವ ಅಂತ ಮಾತಾಡಿದೆ ಅಂತಾರ. ಮಾತಾಡದಿದ್ರ ಮನ್ಯಾಗ ಹೆಂಡ್ತಿ ಬಾಯಿ ಮಾಡ್ತಾಳ್ರಿ.”

“ನಡೀ. ಮಾತಾಡೂದು ಬ್ಯಾಡ, ನೋಡೋಣು.”

ಅವರು ಬೇವಿನ ಗಿಡದ ಬಳಿ ಹೋದಾಗ ವಕೀಲರು ಅಲ್ಲೇ ಇದ್ದರು. ಪುಣೆಯಿಂದ ಕೊನೆಯ ದಿನದ ವ್ಯಾಖ್ಯಾನಕಾರರು ಮುಂಜಾನೆಯ ಗಾಡಿಗೆ ಬಂದಿಳಿದಿದ್ದರಂತೆ. ಎಲ್ಲಿ ವ್ಯಾಖ್ಯಾನ ಮಾಡಿಸುವುದೆಂದು ತಿಳಿಯದೆ ವಕೀಲರು ಅವರನ್ನು ತಮ್ಮ ಮನೆಯಲ್ಲಿ ಮಲಗಿಸಿ ಬಂದಿದ್ದರು.

“ಈ ಪಟ ಸಾಕ್ಷಿಗೆ ಮುದ್ದೆಮಾಲು ಅಂತ ಠಾಣೆಕ್ಕ ಒಯ್ಯಬೇಕ್ರಿ,” ಎಂದ ಚನಮಲ್ಲಪ್ಪ. “ಆದ್ರ ಪೂಜಾ ಆಗಿದ್ದ ದೇವರು. ನಾವು ಬೂಟು ಹಾಕ್ಕೊಂಡು ಎತ್ತಿದ್ರ ನಿಮ್ಮ ಮಂದಿಗೆ ನಡೀತೈತೇನು? ಏನರೆ ಮಾಡೂದಿದ್ರ ಮಾಡ್ರಿ.”

ವಕೀಲರು ಬಾಗಿ ನೋಡಿದರು. “ಏನೂ ಬೇಕಾಗಿಲ್ಲ, ಎತ್ತರಿ. ಉತ್ತರಪೂಜಾ ಆಗೇದ. ನೋಡ್ರಿಲ್ಲೆ, ಚೌಕಟ್ಟಿನ ಮ್ಯಾಲೆ ಹೊಸಾ ಅಕ್ಷತಿ ಅದ. ಕಲಶ ಕದಲಿಸಿ, ಕಾಯಿ ತಗದು, ನೀರು ಗಿಡದ ಬುಡಕ್ಕ ಹಾಕ್ಯಾರ. ದೇವಿನ್ನ ಕಳಿಸಿಕೊಟ್ಟಂಗಾತು. ಈಗ ಬರೇ ಪಟ.”

“ಅದಕ್ಕ ಎಷ್ಟೊತ್ತು ಬೇಕು?”

“ಮಂತ್ರ ಹೇಳಿ ಸಾವಕಾಶ ಮಾಡಿದ್ರ ಹತ್ತು ನಿಮಿಷ.”

“ಬೆಂಕಿ ಹತ್ತಿದ ಹಂದರದಾಗ ಹತ್ತು ನಿಮಿಷ ಕೂತು ಮಾಡಿದ್ರೇನ್ರಿ?”

ಬಿಸಿಲು ಆಗಲೇ ಏರಿತ್ತು. ಚನಮಲ್ಲಪ್ಪ ರುಮಾಲಿನಿಂದ ಕುತ್ತಿಗೆ ಒರೆಸಿಕೊಂಡ. ಸುಳ್ಳ ಎಂಬ ಹಳ್ಳಿಯ ಅವನ ಮನೆಯಲ್ಲೂ ಗಣಪತಿಯನ್ನು ಉತ್ತರಪೂಜೆ ಮಾಡಿ ಕದಲಿಸದೆ ಯಾರೂ ಎತ್ತುತ್ತಿರಲಿಲ್ಲ. ಸುಡಲು ಬಂದವನಿಗೆ ಹಂದರ ಬೇಡವಾಗಿತ್ತು. ದೇವಿಯನ್ನು ಸುಡುವ ಎದೆ ಇರಲಿಲ್ಲ. ಹಾಗೇ ಎತ್ತಿಕೊಂಡು ಹೋಗುವ ಎದೆಯೂ ಇರಲಿಲ್ಲ. ಹಚ್ಚುವ ಮೊದಲೇ ದೇವಿಯನ್ನು ಕಳಿಸಿಕೊಡಲು ಅವನು ಅಕ್ಷತೆಯನ್ನೂ ಮನೆಯಿಂದ ತಂದಿದ್ದ.

“ಈ ಪೂಜಾ ಯಾರು ಮಾಡಬೇಕು ವಕೀಲರ?”

“ಸ್ಥಾಪನಾ ಮಾಡಿದವರು,” ಎಂದರು ವಕೀಲರು. ಅವರ ದನಿ ಸಣ್ಣದಾಗಿತ್ತು. “ಮತ್ತೊಬ್ಬರು ಮುಟ್ಟೂ ಹಂಗಿಲ್ಲ.”

“ಸ್ಥಾಪನಾ ಮಾಡಿದವರು ಯಾರು?”

“ಪ್ರತಿ ವರ್ಷ ಬಿಂದಣ್ಣಾನ ಮಾಡ್ತಾನ.”

“ಕಲಶದ ಕಾಯಿ ಇಲ್ಲಿ ಕಾಣವಲ್ದು.”

“ಅದನ್ನ ಪೂಜಾ ಮಾಡಿದವರು ಮನಿಗೆ ಒಯ್ತಾರ. ಬಿಸಾಕೂದಿಲ್ಲ.”

ಬಿಂದುಮಾಧವರಾಯರ ಮನೆ ಎರಡು ಓಣಿ ದಾಟಿದರೆ ಸಿಗುತ್ತಿತ್ತು. ಪಡಸಾಲೆಯಲ್ಲಿ ರಾಯರು ಕೋಟು, ಟೊಪ್ಪಿಗೆ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದರು, ಎಲ್ಲಿಗೋ ಹೊರಟವರ ಹಾಗೆ. ಒಳಬಾಗಿಲ ಬಳಿ ಅವರ ತಾಯಿ ಗೋದಾಬಾಯಿ, ಕೆಂಪು ಸೀರೆಯ ಬೋಳುತಲೆಯ ಮುದುಕಿ, ಹೂಬತ್ತಿ ಹೊಸೆಯುತ್ತಿದ್ದಳು. ಚನಮಲ್ಲಪ್ಪ ಬೂಟು ಹೊರಗೆ ಬಿಟ್ಟು ಬಂದು, ಮುದುಕಿಯನ್ನೇ ಮೊದಲು ಮಾತಾಡಿಸಿದ.

“ಅಮ್ಮಾರ, ಶಾರದಾ ಕಲಶದ ಕಾಯಿ ಮನಿಗೆ ಬಂತೇನ್ರಿ?”

“ಬಂತಲ್ಲ. ದೇವರ ಮನ್ಯಾಗ ಅದ. ನಿನ್ನೆ ನಾ ಮಧ್ಯಾಹ್ನ ಅಡ್ಡಾಗಿದ್ದೆ, ಬಿಂದೂ ತಂದಿಟ್ಟ. ಇನ್ನೂ ಒಂದು ದಿನ ಉಳದದ, ಈಗ್ಯಾಕ ತಂದಿ ಅಂದೆ. ಮಾತಾಡ್ಲಿಲ್ಲ, ಮತ್ತ ಹೊರಗ ಹೋದ. ಆಮ್ಯಾಲೆ ಬೆಂಕಿ ಬೆಂಕಿ ಅಂತ ಒದರ್ಯಾಡಿದ್ರು.”

ರಾಯರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

“ಮುಂದ ಕೇಳಬ್ಯಾಡ್ರಿ,” ಎಂದರು. “ನಾನ. ಬಂದೇನವಾಜನ್ನ ಬಿಡ್ರಿ.”

“ನೀವ ಬಂದು ಹೇಳಬೇಕಿತ್ತು.”

“ಮುಂಜಾನಿಯಿಂದ ಕೋಟು ಹಾಕ್ಕೊಂಡು ಕೂತೇನಿ, ಠಾಣೆಕ್ಕ ಬರಬೇಕಂತ. ಏಳೂದಾಗ್ಲಿಲ್ಲ.”

“ಅವಗ ಏಳು ವರ್ಷ ಆಗ್ತಿತ್ರಿ ರಾಯರ.”

“ಆಕಸ್ಮಿಕ ಅಂತ ಬರಕೋರಿ ಅಂದಿದ್ದೆ.” ಅದನ್ನು ಹೇಳಿ ಅವರಿಗೇ ಅಸಹ್ಯವಾಯಿತೆಂದು ಕಾಣುತ್ತದೆ, ಮುಖ ಗೋಡೆಗೆ ತಿರುಗಿಸಿದರು.

ಮುದುಕಿಯ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು.

“ಯಾಕ ಹಚ್ಚಿದ್ರಿ?”

“ಇವತ್ತಿಂದು ಕಡೀ ವ್ಯಾಖ್ಯಾನ. ವಿಧವೆಯರ ಬಾಳುವೆ ಅಂತ ವಿಷಯ. ನಾನ ಇಟ್ಟದ್ದು, ನಾನ ಅವರನ್ನ ಪುಣೆಯಿಂದ ಕರಸಿದ್ದು. ವ್ಯಾಖ್ಯಾನ ಮುಗದ ಮ್ಯಾಲೆ ಕೇಳೂದಿದ್ದವರು ಎದ್ದು ನಿಂತು ಕೇಳಬಹುದು ಅನ್ನೂ ಪದ್ಧತಿನೂ ನಂದ. ನನ್ನ ಮಗಳು ಪಡದಾ ಸರಿಸಿ ಎದ್ದು ನಿಲ್ತೇನಿ ಅಂದ್ಲು.”

“ಏನ ಕೇಳಾಕಿ ಇದ್ಲು?”

ಒಳಗಿನ ಕತ್ತಲಿಂದ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಹತ್ತೊಂಬತ್ತಿರಬಹುದು. ಕುಂಕುಮವಿರಲಿಲ್ಲ. ಸೆರಗಿನ ಕೆಳಗೆ ದಪ್ಪ ಹೆರಳು ಕಾಣುತ್ತಿತ್ತು.

“ರಜನೀ, ಒಳಗ ಹೋಗು,” ಎಂದಳು ಗೋದಾಬಾಯಿ.

ರಜನಿ ಹೋಗಲಿಲ್ಲ. “ನಾ ಹೇಳತೇನಿ. ಮುಂದಿನ ವಾರ ಮಠದ ಸ್ವಾಮಿಗಳು ಬರ್ತಾರ. ಕೂದಲಿದ್ದ ವಿಧವಾಗ ತೀರ್ಥ ಕೊಡೂದಿಲ್ಲಂತ. ಅದಕ್ಕ ನಾಳೆ ಬುಧವಾರ ಕ್ಷೌರದವನ್ನ ಕರಸ್ಯಾರ. ಅವ ಬಂದ್ರ ನಾ ಏನ ಮಾಡ್ಲಿ ಅಂತ ಕೇಳಾಕಿ ಇದ್ದೆ. ಅಷ್ಟ.”

“ಗಂಡಸರ ಮುಂದ ಬಾಯಿ ನೋಡು ಈಕಿದು,” ಎಂದಳು ಮುದುಕಿ. ಆದರೆ ದನಿಯಲ್ಲಿ ಜೋರಿರಲಿಲ್ಲ. “ನನ್ನ ಕೂದಲಾ ತಗದಾಗ ನಾ ಯಾರಿಗೆ ಕೇಳಿದ್ದೆ?”

ಬಿಂದುಮಾಧವರಾಯರು ತಮಗೇ ಹೇಳಿಕೊಂಡ ಹಾಗೆ ಹೇಳಿದರು, “ಹನ್ನೊಂದು ವರ್ಷ ಆ ಹಂದರದಾಗ ಬಂದವರ ಮಾತಿಗೆ ಹೂಂ ಅಂದೆ. ಮನಿಗೆ ಬಂದು ಅವ್ವನ ಮಾತಿಗೂ ಹೂಂ ಅಂದೆ. ಆಕಿ ಕೇಳಿದ್ರ, ಕೂತವರೆಲ್ಲ ನನ್ನ ಕಡೆ ಹೊಳ್ಳಿ ನೋಡ್ತಿದ್ರು. ಅದೊಂದು ಸಂಜಿ ತಪ್ಪಿದ್ರ ಸಾಕಾಗಿತ್ತು.”

ಮಧ್ಯಾಹ್ನ ಹನ್ನೆರಡಕ್ಕೆ ದಸ್ತಗಿರಿ ಆಯಿತು. ಬೇಡಿ ಹಾಕಲಿಲ್ಲ. ಕಾಯಿಯನ್ನು ಪಂಚರ ಮುಂದೆ ಜಪ್ತಿ ಮಾಡಿದರು. ಚನಮಲ್ಲಪ್ಪ ಬಡೇಸಾಬನ ಕಡೆ ತಿರುಗಿದ. “ಲಗೂ ಹೋಗಿ ಬಂದೇನವಾಜನ್ನ ಬಿಡು. ಟಾಂಗಾ ಮಾಡಿ ಗಂಡ ಹೆಂಡತಿ ಇಬ್ಬರನ್ನೂ ದವಾಖಾನಿಗೆ ಮುಟ್ಟಸು. ಯಾರು ಹಚ್ಚಿದ್ರು ಅಂತ ಕೇಳಿದ್ರ ಹೇಳು. ಮುಚ್ಚಬ್ಯಾಡ.”

ಆಮೇಲೆ ಬೂಟು ಹಾಕಿಕೊಳ್ಳಲು ಬಾಗಿಲಲ್ಲಿ ಕೂತ. ಕಾಲು ಬಾತಿದ್ದವು. ಲಾಡಿ ಕಟ್ಟುತ್ತ, ಮುದುಕಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದ, “ಈ ಮನಿ ಝಡತಿ, ತಪಾಸಣಿ ಇನ್ನೂ ಬಾಕಿ ಐತಿ. ನಾಳೆ ಬಾಗಲದಾಗ ನಮ್ಮ ಹವಾಲ್ದಾರ ಕೂಡ್ತಾನ. ಹೊರಗಿನವರು ಯಾರೂ ಒಳಗ ಕಾಲಿಡೂ ಹಂಗಿಲ್ಲ. ಕ್ಷೌರದವನೂ.”

ಯಾವ ಕಲಮಿನಲ್ಲಿಯೂ ಹಾಗೆ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಹಿಂದೆಯೇ ಬಂದು ಹೊಸ್ತಿಲ ಹೊರಗೆ ನಿಂತಿದ್ದ ವಕೀಲರಿಗೂ ಗೊತ್ತಿತ್ತು. ವಕೀಲರು ಮೆಟ್ಟಿಲಿಳಿದು ಓಣಿಗೆ ನಡೆದರು.

ರಜನಿ ಕೇಳಿದಳು, “ಎಷ್ಟು ಬುಧವಾರ ಕೂಡ್ತಾನ್ರಿ?”

ಚನಮಲ್ಲಪ್ಪ ಲಾಡಿಯ ಗಂಟು ಬಿಗಿದು ಎದ್ದ.

ಆ ಸಂಜೆ ವ್ಯಾಖ್ಯಾನ ನಡೆಯಲಿಲ್ಲ. ಠಾಣೆಯಲ್ಲಿ ವರದಿ ಬರೆಯುವಾಗ, ಕೃತ್ಯದ ಕಾರಣ ಎಂಬಲ್ಲಿ ಚನಮಲ್ಲಪ್ಪ ‘ಮನೆತನದ ಮರ್ಯಾದೆ’ ಎಂದು ಬರೆದ. ಅದನ್ನು ಹೊಡೆದುಹಾಕಿದ. ‘ಆರೋಪಿಯ ಮಗಳು ಸಭೆಯಲ್ಲಿ ಒಂದು ಪ್ರಶ್ನೆ ಕೇಳುವವಳಿದ್ದಳು’ ಎಂದು ಬರೆದು ಸಹಿ ಮಾಡಿದ.

ಬುಧವಾರ ಬಿಸಿಲೇರುವ ಮೊದಲೇ ಬಡೇಸಾಬ ಹೋಗಿ, ಲಾಠಿಯನ್ನು ಅಡ್ಡ ಇಟ್ಟುಕೊಂಡು, ಆ ಬಾಗಿಲಲ್ಲಿ ಕೂತ.