ಹೊಳೆದಂಡೆಯ ಮೂರನೆಯ ಪಾದಚಾರಿ

ಸೈಕಲ್ಲುಗಳು ಹುಲ್ಲು ಮೇಯುತ್ತಿದ್ದ ಕಾಲದಲ್ಲಿ ಸಿರಿವಂತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಗೆ ಹೂಮಾಲೆ ಕಟ್ಟುವವನು ಬೊಮ್ಮರಸ. ಅವನ ತಂಗಿ ಚೆನ್ನಿ ಆಗಷ್ಟೇ ಜ್ವರದಿಂದ ಎದ್ದಿದ್ದಳು. ನಾಲ್ಕು ದಿನ ಹಾಯಾಗಿ ಓಡಾಡಲಿ ಎಂದು ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿಳಿಹೊಳೆ ಎಂಬ ಸದ್ದಿಲ್ಲದ ಊರಿಗೆ ಬಂದ. ಊರೆಂದರೆ ಏನು ಮಹಾ, ಒಂದು ಹೊಳೆ, ದಂಡೆಗುಂಟ ಒಂದು ದಾರಿ, ಹತ್ತು ಮನೆ.

ಉಳಿದುಕೊಂಡ ಮನೆಯ ಅಜ್ಜಿ ಮೊದಲೇ ಹೇಳಿದಳು: “ನೋಡಪ್ಪ, ದಾರಿಯಲ್ಲಿ ನಡೆಯುವವರು ಸಿಕ್ಕರೆ ಸೈಕಲ್ ಇಳಿದು, ಮುಂದಿನ ತಿರುವಿನ ತನಕ ಜೊತೆಗೆ ನಡೀಬೇಕು. ಇದು ನಮ್ಮೂರ ಪದ್ಧತಿ.”

ಚೆನ್ನಿಗೆ ಆ ಪದ್ಧತಿ ಬಹಳ ಹಿಡಿಸಿತು.

ಹೊಳೆಯಾಚೆ ಒಬ್ಬ ಮಾಂತ್ರಿಕನಿದ್ದ. ಜೋಡಿಯಾಗಿ ನಗುತ್ತ ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮರುದಿನ ಮಧ್ಯಾಹ್ನ ಚೆನ್ನಿಯನ್ನು ಮಿಂಚುಳ್ಳಿ ಮಾಡಿಬಿಟ್ಟ. “ಹೊತ್ತು ಮುಳುಗುವುದರೊಳಗೆ ದಾರಿಯ ಕೊನೆಯ ಸ್ನಾನಘಟ್ಟದಲ್ಲಿ ಇವಳನ್ನು ಮೀಯಿಸು. ತಡವಾದರೆ ಸಾಯುವ ತನಕ ಹಕ್ಕಿಯೇ,” ಎಂದು ಮಾಯವಾದ.

ಹಕ್ಕಿಯನ್ನು ಹ್ಯಾಂಡಲ್ ಮೇಲೆ ಕೂರಿಸಿಕೊಂಡು ಬೊಮ್ಮರಸ ತುಳಿದ. ಸೌದೆ ಹೊತ್ತ ಮುದುಕಿ ಸಿಕ್ಕಳು. “ಇಳೀಲಾ ತಂಗಿ?” ಮಿಂಚುಳ್ಳಿ ಕೊಕ್ಕಿನಿಂದ ಬೆಲ್ ಕುಟ್ಟಿತು. ಇಳಿದು ನಡೆದ. ಆಮೇಲೆ ಒಂದು ಆಮೆ ಸಿಕ್ಕಿತು. ಆಮೆಯ ಜೊತೆ ತಿರುವಿನ ತನಕ ನಡೆಯುವುದೆಂದರೆ ಹುಡುಗಾಟವೇ? “ಇಳೀಲಾ ತಂಗಿ?” ಮತ್ತೆ ಬೆಲ್. ತಿರುವು ಬರುವಷ್ಟರಲ್ಲಿ ಬಿಸಿಲು ಕೆಂಪಗಾಗಿತ್ತು.

ಘಟ್ಟದ ಮೆಟ್ಟಿಲು ಕಾಣಿಸಿತು. ಅದಕ್ಕೂ ಮುಂಚೆ, ಕಾಲೆಳೆಯುತ್ತ ಹೋಗುವ ಒಬ್ಬ ಮುದುಕ ಕಾಣಿಸಿದ. ಈ ಸಲ ಬೊಮ್ಮರಸ ಕೇಳಲಿಲ್ಲ. ತಂಗಿ ಕೈತಪ್ಪಿ ಹೋಗುತ್ತಾಳೆಂಬ ಭಯಕ್ಕೆ ಹಲ್ಲು ಕಚ್ಚಿ ಮುದುಕನನ್ನು ದಾಟಿಬಿಟ್ಟ. ಮಿಂಚುಳ್ಳಿ ಪುರ್ರೆಂದು ಹಿಂದಕ್ಕೆ ಹಾರಿ ಮುದುಕನ ಹೆಗಲ ಮೇಲೆ ಕೂತಿತು.

“ಹಟಮಾರಿ,” ಎಂದು ಅಳುತ್ತಲೇ ಬೊಮ್ಮರಸ ಸೈಕಲ್ ತಿರುಗಿಸಿ ಬಂದು ಇಳಿದ. “ಬಾ ಅಜ್ಜ, ನನ್ನ ಕೈ ಹಿಡ್ಕೋ.”

ಅವರು ಮೆಟ್ಟಿಲು ಮುಟ್ಟುವಾಗ ಹೊತ್ತು ಮುಳುಗಿತ್ತು.

ಮುದುಕ ತಲೆ ತಗ್ಗಿಸಿದ. “ಆ ಮಾಂತ್ರಿಕ ನಾನೇ, ಮಗಾ. ಮುದುಕಿಯೂ ನಾನೇ, ಆಮೆಯೂ ನಾನೇ. ನಿನ್ನನ್ನು ತಡಮಾಡಿಸಲೆಂದೇ ಬಂದೆ. ಮುನ್ನೂರು ವರ್ಷದಿಂದ ನನ್ನನ್ನು ಕಂಡು ಓಡಿದವರೇ ಎಲ್ಲ. ಜೊತೆಗೆ ನಡೆದವರು ನೀವಿಬ್ಬರೇ.” ಮಂತ್ರದಂಡವನ್ನು ಮುರಿದು ಹೊಳೆಗೆ ಎಸೆದ.

ಹೆಗಲ ಮೇಲಿನ ಮಿಂಚುಳ್ಳಿ ಅಲ್ಲಿಯೇ ಚೆನ್ನಿಯಾಯಿತು. ಭಾರಕ್ಕೆ ಮುದುಕ ಧೊಪ್ಪೆಂದು ಕುಸಿದ.

“ಪೆಟ್ಟಾಯ್ತಾ ಅಜ್ಜ?” ಎಂದಳು ಚೆನ್ನಿ.

ಮೂವರೂ ನಡೆದೇ ಊರಿಗೆ ಬಂದರು. ಅಂದಿನಿಂದ ತಿಳಿಹೊಳೆಯ ದಂಡೆಯಲ್ಲಿ ದಿನಾ ಸಂಜೆ ಒಬ್ಬ ಅಜ್ಜ ನಡೆಯುತ್ತಿದ್ದ, ಸೈಕಲ್ಲಿನವರೆಲ್ಲ ಅವನಿಗಾಗಿ ಇಳಿಯುತ್ತಿದ್ದರು. ಅಣ್ಣ ತಂಗಿ ವರ್ಷವರ್ಷವೂ ಬಂದರು. ಎಲ್ಲರೂ ಸುಖವಾಗಿದ್ದರು, ಹೊಟ್ಟೆ ತುಂಬ ಮೇಯ್ದ ಆ ಸೈಕಲ್ಲೂ.