ಪಿನ್ನಿಯ ನೂರು ಬಲೂನು

“ನೋಡು, ಸೊನ್ನೆಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಹೇಗೆ ಹಾಕಿದ್ರೂ ಸೊನ್ನೇನೇ. ಈ ಸಲ ಯಾರೂ ಕಂಡುಹಿಡಿಯಲ್ಲ,” ಎಂದು ಅಮ್ಮ ಚಿನ್ನದ ಬಣ್ಣದ ಎರಡು ದೊಡ್ಡ ಅಂಕಿಗಳನ್ನು ಗೋಡೆಗೆ ಒತ್ತಿ ಹಿಡಿದಳು. ಪಿನ್ನಿಗೆ ಹತ್ತು ತುಂಬುವುದಿತ್ತು. ‘ಒಂದು’ ಯಾರದೋ ಇಪ್ಪತ್ತೊಂದನೇ ಹುಟ್ಟುಹಬ್ಬದ್ದು. ಸೊನ್ನೆ ಒಂದು ಬ್ಯಾಂಕಿನ ಐವತ್ತನೇ ವರ್ಷದ್ದು.

“ನಂಗೆ ಬೇಡ,” ಎಂದಳು ಪಿನ್ನಿ. “ಹೋದ ವರ್ಷ ಆರನ್ನ ತಲೆಕೆಳಗು ಮಾಡಿ ಒಂಬತ್ತು ಅಂದ್ಯಲ್ಲ, ಅಷ್ಟೇ ಸಾಕು.”

“ಒಂಬತ್ತರ ಹಾಗೇ ಇತ್ತಪ್ಪ.”

“ಲೀಡರ್ ಕಂಡುಹಿಡಿದ್ಬಿಟ್ಲು. ದಾರ ಕಟ್ಟೋ ತೂತು ಕೆಳಗಡೆ ಇತ್ತಂತೆ.”

“ಅಂಥ ಕಣ್ಣಿರೋರು ಪೊಲೀಸ್ ಕೆಲಸಕ್ಕೆ ಸೇರ್ಬೇಕು,” ಎಂದಳು ಅಜ್ಜಿ, ಮಂಚದ ಮೇಲಿಂದ.

ಲೀಡರ್ ಅಂದರೆ ಪಿನ್ನಿಯ ಕ್ಲಾಸ್ ಲೀಡರ್. ಟೀಚರ್ ಇಲ್ಲದಾಗ ಮಾತಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಹುಡುಗಿ. ಪಿನ್ನಿಯ ಹೆಸರಿನ ಮುಂದೆ ಎರಡು ಗುಣಿಸು ಚಿಹ್ನೆ ಹಾಕುತ್ತಾಳೆ. ಹೋದ ವರ್ಷ ಹುಟ್ಟುಹಬ್ಬಕ್ಕೆ ಬಂದು ಕೇಕ್ ತಿಂದು ಹೋದವಳು, ಮರುದಿನ ಬೆಳಗ್ಗೆ ಕ್ಲಾಸಿಗೆಲ್ಲ ಹೇಳಿದ್ದಳು: “ಪಿನ್ನಿ ಮನೇಲಿ ಎಲ್ಲಾ ಸೆಕೆಂಡ್ ಹ್ಯಾಂಡ್.”

ಅದು ಸುಳ್ಳಾಗಿದ್ದರೆ ಪಿನ್ನಿ ಜಗಳ ಆಡಬಹುದಿತ್ತು.

ಅಮ್ಮನ ಕೆಲಸ ಪಾರ್ಟಿಗಳಿಗೆ ಡೆಕೊರೇಷನ್ ಮಾಡುವುದು. ಪಾರ್ಟಿ ಮುಗಿದ ಮೇಲೆ ಜನರಿಗೆ ಬೇಡವಾದದ್ದೆಲ್ಲ ಅಮ್ಮನ ಜೊತೆ ಮನೆಗೆ ಬರುತ್ತಿತ್ತು. ಕಿಟಕಿಯ ಪರದೆ ಒಬ್ಬ ಹಲ್ಲಿನ ಡಾಕ್ಟರರ ಕ್ಲಿನಿಕ್ ಓಪನಿಂಗಿನದು. ಸೋಫಾದ ಮೇಲಿನ ನೇರಳೆ ಬಟ್ಟೆ ಯಾವುದೋ ಮದುಮಕ್ಕಳ ಬೆನ್ನ ಹಿಂದೆ ಒಂದು ದಿನ ನಿಂತು ಬಂದದ್ದು. ಅಜ್ಜಿಯ ದಿಂಬಿಗೆ ಸ್ಯಾಟಿನ್ ಕವರು. ತಲೆ ಇಟ್ಟರೆ ನಿಲ್ಲದು, ಬೆಳಗಾಗುವಷ್ಟರಲ್ಲಿ ಅಜ್ಜಿ ಒಂದು ಕಡೆ, ದಿಂಬು ಒಂದು ಕಡೆ. ‘ವೆಲ್‌ಕಮ್’ ಎಂಬ ಬೋರ್ಡು ಬಚ್ಚಲುಮನೆಯ ಬಾಗಿಲಿಗೆ ತೂಗುತ್ತಿತ್ತು, ಏಕೆಂದರೆ ಮೊಳೆ ಇದ್ದದ್ದು ಅಲ್ಲಿ ಮಾತ್ರ.

ಊರಿನ ಅರ್ಧ ಸಂಭ್ರಮ ಆ ಎರಡು ಕೋಣೆಗಳಲ್ಲಿ ಮಡಿಸಿಕೊಂಡು ಮಲಗಿತ್ತು. ಮನೆಯವರ ಸಂಭ್ರಮ ಬಂದಾಗ ಮಾತ್ರ, ಉಳಿದದ್ದರಲ್ಲಿ ನೋಡಬೇಕು.

“ಈ ಸಲ ಬಲೂನಾದ್ರೂ ಹೊಸದು ಬೇಕು,” ಎಂದಳು ಪಿನ್ನಿ. “ಪ್ಯಾಕೆಟ್ ನಾನೇ ಒಡೀಬೇಕು. ಮೊದಲ ಸಲ ಗಾಳಿ ತುಂಬೋದು ನನ್ನ ಹುಟ್ಟುಹಬ್ಬಕ್ಕೇ ಆಗ್ಬೇಕು.”

ಅಮ್ಮ ಅಂಕಿಗಳನ್ನು ಕೆಳಗಿಟ್ಟಳು. “ಆಯ್ತು. ಯಾವ ಬಣ್ಣ?”

ಇಷ್ಟು ಬೇಗ ಒಪ್ಪುತ್ತಾಳೆ ಎಂದು ಪಿನ್ನಿ ಅಂದುಕೊಂಡಿರಲಿಲ್ಲ. ಯೋಚಿಸಿಟ್ಟುಕೊಂಡಿದ್ದ ವಾದವೆಲ್ಲ ವ್ಯರ್ಥವಾಯಿತು.

ಪಿನ್ನಿ ಎಂದರೆ ಪಿನ್ನು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳು. ಮಾತು ಕಲಿತ ಮೇಲೆ ಹೆಸರು ಇನ್ನೂ ಚೆನ್ನಾಗಿ ಹೊಂದಿತು.

ಭಾನುವಾರ ಬಂತು. ಸಮುದ್ರದ ಹಸಿರು ಐವತ್ತು, ಬಿಳಿ ಐವತ್ತು, ಒಟ್ಟು ನೂರು ಬಲೂನುಗಳ ಪ್ಯಾಕೆಟ್ಟು ಶೆಲ್ಫಿನ ಮೇಲಿತ್ತು. ಸಂಜೆ ಐದೂವರೆಗೆ ಗೆಳತಿಯರು ಬರುವವರಿದ್ದರು. ಅಪ್ಪ ಲಾರಿ ಓಡಿಸುವವನು. ಅವನ ಲಾರಿ ಆ ವಾರ ದೂರದ ಬಂದರಿನಲ್ಲಿತ್ತು. ಅಮ್ಮ ನಸುಕಿನಲ್ಲೇ ಎದ್ದು, ಯಾರದೋ ಮನೆಯ ಟೆರೇಸಿನಲ್ಲಿ ಬಲೂನಿನ ಕಮಾನು ಕಟ್ಟಿ ಬಂದು, ಆಗಷ್ಟೇ ಕಾಫಿಗೆ ಕೂತಿದ್ದಳು.

ಫೋನು ಬಂತು.

“ಹೇಳಿ ಮೇಡಂ. ಬಿಸಿಲಿಗಾ? ಎಷ್ಟು ಹೋದ್ವು?” ಅಮ್ಮ ಲೋಟ ಕೆಳಗಿಟ್ಟಳು. “ಎಲ್ಲಾನಾ? ನೆರಳಲ್ಲಿ ಇಡೋಣ ಅಂದಿದ್ದೆ ಮೇಡಂ. ನೀವೇ ವ್ಯೂ ಬೇಕು ಅಂದ್ರಿ.”

ಆ ಕಡೆಯಿಂದ ತುಂಬಾ ಹೊತ್ತು ಮಾತು ಬಂತು. ಅಮ್ಮನ ಕಣ್ಣು ಶೆಲ್ಫಿನ ಕಡೆ ಹೋಯಿತು. ಹೋದದ್ದು ಅಲ್ಲಿ ನಿಲ್ಲದೆ ವಾಪಸ್ ಬಂತು.

“ಸ್ಟಾಕ್ ಇಲ್ಲ ಮೇಡಂ. ಭಾನುವಾರ ಅಂಗಡಿನೂ ತೆಗೆಯಲ್ಲ. ಸಾರಿ.”

ಅಜ್ಜಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಹನ್ನೊಂದು ವರ್ಷದಲ್ಲಿ ನಿನ್ನ ಬಾಯಲ್ಲಿ ‘ಇಲ್ಲ’ ಅನ್ನೋದು ಕೇಳಿದ್ದು ಇವತ್ತೇ.”

ಅಮ್ಮ ತಣ್ಣಗಾದ ಕಾಫಿ ಕುಡಿದಳು.

“ಅವರೀಗ ಏನ್ಮಾಡ್ತಾರೆ?” ಎಂದು ಪಿನ್ನಿ ಕೇಳಿದಳು.

“ಏನ್ಮಾಡ್ತಾರೆ. ಬರೀ ಕಮಾನಿನ ಪೈಪ್ ನಿಂತಿರುತ್ತೆ. ಅದರ ಕೆಳಗೆ ತಾತ ಕೂತ್ಕೋತಾರೆ. ಅವರಿಗೆ ಇವತ್ತು ಎಪ್ಪತ್ತಂತೆ.”

ಪಿನ್ನಿ ಟಿವಿ ಹಾಕಿದಳು. ಕಾರ್ಟೂನಿನಲ್ಲಿ ಬೆಕ್ಕು ಓಡುತ್ತಿತ್ತು. ಪಿನ್ನಿಗೆ ಮಾತ್ರ ಹೊಸ ಶರಟು ಹಾಕಿಕೊಂಡು ಪ್ಲಾಸ್ಟಿಕ್ ಪೈಪಿನ ಕೆಳಗೆ ಕೂತ ತಾತ ಕಾಣಿಸುತ್ತಿದ್ದ. ಚಾನೆಲ್ ಬದಲಿಸಿದಳು. ಅಲ್ಲೂ ತಾತ.

ಟಿವಿ ಆರಿಸಿ, ಕುರ್ಚಿ ಹತ್ತಿ, ಪ್ಯಾಕೆಟ್ ತೆಗೆದು ಅಮ್ಮನ ಮಡಿಲಿಗೆ ಹಾಕಿದಳು. “ತಗೋ. ಆದ್ರೆ ವಾಪಸ್ ತರ್ಬೇಕು. ನೂರಕ್ಕೆ ನೂರು.”

“ಇದು ಬಲೂನು ಕಣೇ, ಸ್ಟೀಲ್ ಪಾತ್ರೆ ಅಲ್ಲ.” ಅಮ್ಮ ಅವಳ ಮುಖ ನೋಡಿದಳು. “ನಿಜವಾಗ್ಲೂ ಕೊಡ್ತೀಯಾ? ಆಮೇಲೆ ಅಳಬಾರದು.”

“ನಾನೂ ಬರ್ತೀನಿ. ಕಾಯೋಕೆ.”

“ಬಲೂನು ಕಾಯೋಕೆ ಪಿನ್ನು,” ಎಂದಳು ಅಜ್ಜಿ. “ಚೆನ್ನಾಗಿದೆ.”

ನಾಲ್ಕನೇ ಮಹಡಿಯ ಮೇಲಿನ ಟೆರೇಸು. ಒಡೆದ ಬಲೂನಿನ ಚೂರುಗಳು ನೆಲದ ತುಂಬ ಬಿದ್ದಿದ್ದವು. ಅಮ್ಮ ಬಿಳಿ ಪೈಪಿನ ಕಮಾನನ್ನು ನೀರಿನ ಟ್ಯಾಂಕಿನ ನೆರಳಿಗೆ ಎಳೆದಳು. ಪಂಪಿಗೆ ಕರೆಂಟು ಕೊಟ್ಟಳು. ಪಿನ್ನಿ ತನ್ನ ಪ್ಯಾಕೆಟ್ಟನ್ನು ತಾನೇ ಒಡೆದಳು. ಹೊಸ ರಬ್ಬರಿನ ವಾಸನೆ ಬಂತು. ಯಾರದೋ ತಾತನಿಗಾಗಿ.

ಅಮ್ಮ ಗಾಳಿ ತುಂಬಿ ಕೊಡುವುದು, ಪಿನ್ನಿ ಗಂಟು ಹಾಕುವುದು. ಬಲೂನಿನ ಬಾಯಿ ಎಳೆದು, ತೋರುಬೆರಳಿಗೆ ಸುತ್ತಿ, ಒಳಗೆ ತೂರಿಸಿ, ಬೆರಳು ಬಿಡಿಸಿಕೊಳ್ಳಬೇಕು. ಮೊದಲ ಹತ್ತು ಆಟದ ಹಾಗಿತ್ತು. ಇಪ್ಪತ್ತಕ್ಕೆ ಬೆರಳು ಕೆಂಪಾಯಿತು. ಮೂವತ್ತಕ್ಕೆ ಉರಿಯತೊಡಗಿತು.

ಅಮ್ಮನ ತೋರುಬೆರಳಿಗೆ ಯಾವಾಗಲೂ ಒಂದು ಸುತ್ತು ಬಿಳಿ ಟೇಪು ಇರುತ್ತಿತ್ತು. ಕೆಲಸಕ್ಕೆ ಬೇಕಾದಾಗ ಸಿಗಲಿ ಎಂದು ಅಂಟಿಸಿಕೊಂಡಿರುತ್ತಾಳೆ ಎಂದೇ ಪಿನ್ನಿ ತಿಳಿದಿದ್ದಳು.

ಮೂವತ್ತನಾಲ್ಕನೇ ಗಂಟಿಗೆ ಪಿನ್ನಿ ಬೆರಳು ಬಾಯಿಗಿಟ್ಟುಕೊಂಡಳು. ಅಮ್ಮ ಒಂದು ತುಂಡು ಟೇಪು ಹರಿದು ಅವಳ ಬೆರಳಿಗೂ ಸುತ್ತಿದಳು. “ಇನ್ನು ಸಾಕು, ನಾನು ಮಾಡ್ತೀನಿ,” ಎಂದಳು. ಉಳಿದ ಅರವತ್ತಾರನ್ನು ಕಟ್ಟಲು ಅವಳಿಗೆ ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮನೆಯ ಮೇಡಂ ಬಾಗಿಲಲ್ಲಿ ಇಣುಕಿದರು. “ಸೂಪರ್ ಆಗಿದೆ ರೀ. ಗೆಸ್ಟ್ಸ್ ಬರ್ತಿದ್ದಾರೆ, ನೀವು ಆ ಕಡೆ ಮೆಟ್ಟಿಲಿಂದ...”

“ಹೊರಟ್ವಿ ಮೇಡಂ,” ಎಂದಳು ಅಮ್ಮ. ಪಂಪು ಆಗಲೇ ಚೀಲದೊಳಗಿತ್ತು.

ಹಿಂದಿನ ಮೆಟ್ಟಿಲಲ್ಲಿ ಗ್ಯಾಸ್ ಸಿಲಿಂಡರು, ನೆಲ ಒರೆಸುವ ಒದ್ದೆ ಬಟ್ಟೆ, ಒಂದು ಮುರಿದ ಸೈಕಲ್ಲು. ಪಿನ್ನಿ ಗೊಣಗಿದಳು: “ಒಂದ್ನಿಮಿಷ ನಿಂತು ನೋಡೋಣ ಅಂದ್ರೆ...”

“ಪಾರ್ಟಿ ಶುರು ಆಗೋ ಹೊತ್ತಿಗೆ ನಾವು ಕಾಣಬಾರದು. ಹೂ ತಾನೇ ಅರಳಿದ ಹಾಗಿರಬೇಕು.”

“ಹಾಗಾದ್ರೆ ನೀನು ಒಂದು ಪಾರ್ಟಿನೂ ನೋಡೇ ಇಲ್ವಾ?”

ಅಮ್ಮ ಎರಡು ಮೆಟ್ಟಿಲು ಕೆಳಗೆ ನಿಂತುಬಿಟ್ಟಿದ್ದಳು. ತಲೆ ಒಂದು ಕಡೆ ವಾಲಿತ್ತು. ಮೇಲಿನಿಂದ ಹತ್ತಾರು ದನಿಗಳು ಒಟ್ಟಿಗೆ ಬಂದವು: “ಆಹಾ.” ಅದರ ಹಿಂದೆಯೇ ಚಪ್ಪಾಳೆ.

“ಕೇಳ್ತಾ?” ಎಂದಳು ಅಮ್ಮ ಮೆಲ್ಲಗೆ. “ಎರಡನೇ ಮಹಡಿವರೆಗೂ ಕೇಳಿಸುತ್ತೆ. ಲಿಫ್ಟಲ್ಲಿ ಹೋದ್ರೆ ಸಿಗಲ್ಲ.”

ಪಿನ್ನಿಗೆ ಇನ್ನೊಂದೂ ಕೇಳಿಸಿತು. “ತಾತಾ, ಇಲ್ಲೇ ಕೂತ್ಕೋ, ಅಲ್ಲಾಡಬೇಡ.” ಆ ದನಿ ಅವಳಿಗೆ ಗೊತ್ತು. ದಿನಾ ‘ಸೈಲೆನ್ಸ್’ ಎನ್ನುವ ದನಿ.

“ಅಮ್ಮಾ. ಇದು ಲೀಡರ್ ಮನೆ.”

“ಹೌದಾ? ಒಳ್ಳೇದಾಯ್ತಲ್ಲ.”

“ಏನು ಒಳ್ಳೇದು? ಸಂಜೆ ಅವಳು ನಮ್ಮನೆಗೆ ಬರ್ತಾಳೆ. ಈ ಬಲೂನು ನೋಡಿದ ಕೂಡ್ಲೇ ಗೊತ್ತಾಗುತ್ತೆ.”

ಅಮ್ಮ ಯೋಚಿಸಿದಳು. “ಬಲೂನು ಇಲ್ಲೇ ಬಿಟ್ಬಿಡೋಣ್ವಾ? ಮನೇಲಿ ಬಾಕ್ಸಲ್ಲಿ ಕಾಗದದ ಹೂ ಇದೆ.”

ಆ ಹೂವು ಎರಡು ಮದುವೆ, ಒಂದು ಚಪ್ಪಲಿ ಅಂಗಡಿ ನೋಡಿ ಬಂದದ್ದು ಎಂದು ಪಿನ್ನಿಗೆ ಗೊತ್ತಿತ್ತು. “ಬೇಡ. ನನ್ನ ಬಲೂನು ನಂಗೆ ಬೇಕು,” ಎಂದಳು.

ನಾಲ್ಕು ಗಂಟೆಗೆ, ಊಟ ಮುಗಿಸಿ ಆ ಮನೆಯವರೆಲ್ಲ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ಅಮ್ಮ ಎರಡು ಬೆಡ್‌ಶೀಟಿನಲ್ಲಿ ಬಲೂನುಗಳನ್ನು ಕಟ್ಟಿಕೊಂಡು ಮನೆಗೆ ತಂದಳು. ಪಿನ್ನಿ ಒಂದೊಂದಾಗಿ ಎಣಿಸಿದಳು. ತೊಂಬತ್ತೊಂದು.

“ಒಂಬತ್ತು ಎಲ್ಲಿ?”

“ಒಂದನ್ನ ತಾತ ಒಡೆದ್ರಂತೆ. ಬೇಕೂಂತಲೇ,” ಎಂದಳು ಅಮ್ಮ. “ಮಿಕ್ಕವನ್ನ ಯಾರೂ ಒಪ್ಪಿಕೊಳ್ಳಲಿಲ್ಲ.”

ಅಮ್ಮ ಗೋಡೆಗೆ ಆ ಹಳೆಯ ಅಂಕಿಗಳನ್ನು ಅಂಟಿಸಿ, ಅದರ ಮುಂದೆ ಬಲೂನಿನ ಕಮಾನು ಕಟ್ಟಿದಳು. ಐದೂವರೆಗೆ ಬೆಲ್ ಆಯಿತು. ನಾಲ್ವರು ಗೆಳತಿಯರು ಒಳಗೆ ಬಂದರು. ಕೊನೆಯಲ್ಲಿ ಲೀಡರ್. ಮಧ್ಯಾಹ್ನದ ಪಾರ್ಟಿಯ ಫ್ರಾಕಿನಲ್ಲೇ ಇದ್ದಳು. ಕಾಲರಿನ ಮೇಲೆ ಒಂದು ಕ್ರೀಮಿನ ಕಲೆ.

ಅವಳು ಕಮಾನನ್ನು ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಬೋರ್ಡಿನ ಮೇಲೆ ಹೆಸರು ಬರೆಯುವ ಮುಂಚೆ ನೋಡುವ ಹಾಗೆ.

“ಇದು ನಮ್ಮ ತಾತನ ಬಲೂನು,” ಎಂದಳು.

ಎಲ್ಲರೂ ಪಿನ್ನಿಯ ಕಡೆ ತಿರುಗಿದರು. ಅಜ್ಜಿ ಕೆಮ್ಮಿದಳು. ಪಿನ್ನಿಯ ಕಿವಿ ಬಿಸಿಯಾಯಿತು.

“ಅಲ್ಲ,” ಎಂದಳು. “ಇದು ನಂದು. ನಿಮ್ಮ ತಾತ ಪೈಪಿನ ಕೆಳಗೆ ಕೂರೋ ಹಾಗಿತ್ತು. ಅದಕ್ಕೇ ಕಳಿಸಿದ್ದೆ. ನೀವು ಒಂಬತ್ತು ಒಡೆದಿದ್ದೀರಿ.”

“ನಾನು ಎರಡೇ ಒಡೆದದ್ದು,” ಎಂದಳು ಲೀಡರ್.

“ನೂರರಲ್ಲಿ ಮೂವತ್ತನಾಲ್ಕು ಗಂಟು ನಾನೇ ಹಾಕಿದ್ದು. ಬೇಕಾದ್ರೆ ನೋಡು.” ಪಿನ್ನಿ ಟೇಪು ಸುತ್ತಿದ ಬೆರಳು ಎತ್ತಿ ತೋರಿಸಿದಳು.

ಲೀಡರ್ ಬೆರಳನ್ನು ಹತ್ತಿರದಿಂದ ಪರೀಕ್ಷಿಸಿದಳು. “ಅದು ಯಾವುದೋ ಕಂಪನಿಯವರು ಬಂದು ಮಾಡಿದ್ದು ಅಂತ ಮಮ್ಮಿ ಹೇಳಿದ್ಲು. ತಾತ ಅವರನ್ನ ನೋಡ್ಬೇಕು ಅಂತಿದ್ರು. ಹುಡುಕಿದ್ರೆ ಯಾರೂ ಇರ್ಲಿಲ್ಲ.”

“ಕಂಪನಿ ಅಡುಗೆಮನೇಲಿದೆ,” ಎಂದಳು ಪಿನ್ನಿ.

ಹಾಗೆಂದ ಮೇಲೆಯೇ ಅವಳಿಗೆ ಹೊಳೆದದ್ದು: ಬೆಲ್ ಆಗುವವರೆಗೂ ಅಮ್ಮ ಇಲ್ಲೇ ಇದ್ದಳು. ಬೆಲ್ ಆಯಿತು, ಅಮ್ಮ ಇಲ್ಲ.

ಪಿನ್ನಿ ಅಡುಗೆಮನೆಗೆ ಹೋದಳು. ಒಲೆ ಆರಿತ್ತು. ಕೇಕು ತಟ್ಟೆಯಲ್ಲಿತ್ತು. ಮಾಡಲು ಏನೂ ಕೆಲಸ ಉಳಿದಿರಲಿಲ್ಲ. ಅಮ್ಮ ಬಾಗಿಲ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು. ತಲೆ ಒಂದು ಕಡೆ ವಾಲಿತ್ತು.

ಪಿನ್ನಿ ಅವಳ ಕೈ ಹಿಡಿದಳು. ಟೇಪಿಗೆ ಟೇಪು ತಾಗಿತು.

“ಬಾ.”

“ನಾನ್ಯಾಕೆ? ನೀವು ಮಕ್ಕಳು... ಇರು, ಸೀರೆ ಆದ್ರೂ...”

“ಬಾ ಅಮ್ಮ. ಇದು ಎರಡನೇ ಮಹಡಿ ಅಲ್ಲ.”

ಅಮ್ಮ ಬಂದಳು. ಕಮಾನಿನ ಕೆಳಗೆ, ತಾನೇ ಕಟ್ಟಿದ ಜಾಗದಲ್ಲಿ, ಬೇರೆಯವರ ಮನೆಗೆ ಕರೆಯದೆ ಬಂದವಳ ಹಾಗೆ ನೆಟ್ಟಗೆ ನಿಂತಳು. ಇನ್ನೊಂದು ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಲೀಡರ್ “ಆಂಟಿ, ಒಂದು ಫೋಟೊ, ತಾತಂಗೆ ತೋರಿಸ್ಬೇಕು,” ಎಂದು ಅಜ್ಜಿಯ ಫೋನು ಇಸಿದುಕೊಂಡಳು.

ಗೋಡೆಯ ಮೇಲೆ ಬ್ಯಾಂಕಿನ ಸೊನ್ನೆ ಸ್ವಲ್ಪ ಜಾರಿ ವಾಲಿತ್ತು. ಅದು ಪಿನ್ನಿಗೂ ಕಂಡಿತು, ಅಮ್ಮನಿಗೂ ಕಂಡಿತು. ಸರಿಮಾಡಲೆಂದು ಅಮ್ಮನ ಕೈ ಎದ್ದಿತು. ಪಿನ್ನಿ ಆ ಕೈಯನ್ನು ಬಿಡಲಿಲ್ಲ.

ಇಬ್ಬರೂ ಅಲ್ಲೇ ನಿಂತರು.